ಗಂಜಿ ಕೇಂದ್ರದಿಂದ ನ್ಯಾಯಾಲಯದವರೆಗೆ

ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಿರಿಯರು ಬಹುಕಾಲ ನೆನೆಯುತ್ತಿದ್ದ ಬರವೊಂದಿದೆ. ಅದು 1876–78ರ ‘ಧಾತು–ಈಶ್ವರ ಬರ’. ಆ ಎರಡು ಸಂವತ್ಸರಗಳ ಹೆಸರೇ ಬರಕ್ಕೂ ಅಂಟಿಕೊಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರದಷ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು.

ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಗಂಜಿ ಕೇಂದ್ರಗಳು ತೆರೆದವು. ಹಸಿದವರಿಗೆ ಕೂಲಿ ಕೊಡಲೆಂದು ಕಾಮಗಾರಿಗಳು ನಡೆದವು. ಬೆಂಗಳೂರು–ಮೈಸೂರು ರೈಲು ಹಾದಿಯ ಕೆಲಸ ಅವುಗಳಲ್ಲೊಂದು. ಆದರೆ ಪರಿಹಾರ ಎಂದು ಆರಂಭವಾಗಬೇಕು, ಯಾರಿಗೆ, ಎಷ್ಟು ಕೊಡಬೇಕು ಎಂಬುದಕ್ಕೆ ನಿಶ್ಚಿತ ನಿಯಮವಿರಲಿಲ್ಲ. ಎಲ್ಲವೂ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು 1877ರಲ್ಲಿ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದ್ದು ಇದಕ್ಕೆ ನಿದರ್ಶನ. ಅದು ಅರ್ಧ ಕಿಲೋಗೂ ಕಡಿಮೆ ಧಾನ್ಯ!

ಈ ದುರಂತದ ಬೆನ್ನಲ್ಲೇ 1878ರಲ್ಲಿ ರಿಚರ್ಡ್ ಸ್ಟ್ರೇಚಿ ಅವರ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ನೇಮಕವಾಯಿತು. 1880ರಲ್ಲಿ ಅದು ವರದಿ ಕೊಟ್ಟಿತು. ಅದರ ಫಲವಾಗಿ 1883ರಲ್ಲಿ ‘ಫ್ಯಾಮಿನ್ ಕೋಡ್’, ಅಂದರೆ ಕ್ಷಾಮ ಸಂಹಿತೆಯ ಮಾದರಿ ಸಿದ್ಧವಾಯಿತು. ಮಳೆ, ಬೆಳೆ ಮತ್ತು ಧಾನ್ಯದ ಬೆಲೆಯನ್ನು ಗಮನಿಸುವುದು, ಪರೀಕ್ಷಾರ್ಥವಾಗಿ ಕಾಮಗಾರಿ ತೆರೆದು ಎಷ್ಟು ಮಂದಿ ಬರುತ್ತಾರೆಂದು ನೋಡುವುದು, ಅಭಾವ ಕ್ಷಾಮವಾಗಿ ಬೆಳೆದರೆ ಪರಿಹಾರವನ್ನು ವಿಸ್ತರಿಸುವುದು ಅದರ ಕ್ರಮ. ಮುನ್ಸೂಚನೆ, ಸಿದ್ಧತೆ, ಪರಿಹಾರ ಎಂಬ ಇಂದಿನ ಕಲ್ಪನೆಯ ಬೀಜ ಇಲ್ಲಿಯೇ ಇದೆ.

ಆದರೆ ಸಂಹಿತೆ ಶಾಸನವಾಗಿರಲಿಲ್ಲ. ಅದು ಅಧಿಕಾರಿಗಳಿಗೆ ಸರ್ಕಾರ ಕೊಟ್ಟ ಸೂಚನೆ ಮಾತ್ರ. ಸರ್ಕಾರ ಅದನ್ನು ಪಾಲಿಸದಿದ್ದರೆ ಹಸಿದವನು ಪ್ರಶ್ನಿಸುವಂತಿರಲಿಲ್ಲ. 1943ರಲ್ಲಿ ಬಂಗಾಳದಲ್ಲಿ ಆದದ್ದು ಅದೇ. ಲಕ್ಷಾಂತರ ಜನ ಸಾಯುತ್ತಿದ್ದರೂ ಅಲ್ಲಿನ ಸರ್ಕಾರ ಸಂಹಿತೆಯ ಪ್ರಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ.

ಸ್ವಾತಂತ್ರ್ಯಾನಂತರವೂ ಪರಿಹಾರ ಕಾರ್ಯ ಕೈಪಿಡಿ ಮತ್ತು ಸುತ್ತೋಲೆಗಳ ಮೇಲೆಯೇ ನಡೆಯಿತು. 1988ರಲ್ಲಿ ಕರ್ನಾಟಕ ಬರದ ಮೇಲೆ ನಿಗಾ ಇಡಲು ಪ್ರತ್ಯೇಕ ಘಟಕ ಸ್ಥಾಪಿಸಿದ್ದು ದೇಶಕ್ಕೆ ಮೊದಲು. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದ ನಂತರ ಒಡಿಶಾ ಪ್ರತ್ಯೇಕ ಪ್ರಾಧಿಕಾರ ರಚಿಸಿತು. 2001ರ ಜನವರಿ 26ರ ಬೆಳಗ್ಗೆ ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿ 13 ಸಾವಿರಕ್ಕೂ ಹೆಚ್ಚು ಜನ ಸತ್ತರು. ಎರಡೇ ವಾರದಲ್ಲಿ ಅಲ್ಲೂ ಪ್ರಾಧಿಕಾರ ಬಂತು. 2003ರಲ್ಲಿ ಅದಕ್ಕೆ ವಿಧಾನಸಭೆಯ ಕಾಯಿದೆಯ ಬಲ ದೊರೆಯಿತು. ವಿಪತ್ತು ನಿರ್ವಹಣೆಗೆಂದೇ ರಾಜ್ಯವೊಂದು ಕಾಯಿದೆ ಮಾಡಿದ್ದು ಇದೇ ಮೊದಲು. ಮರುವರ್ಷ ಬಿಹಾರವೂ ಕಾಯಿದೆ ಮಾಡಿತು.

2004ರ ಡಿಸೆಂಬರ್ 26ರ ಸುನಾಮಿಯ ನಂತರ ಸಂಸತ್ತು ಮುಂದಾಯಿತು. ಆದರೆ ಸಂವಿಧಾನದ ಮೂರು ಪಟ್ಟಿಗಳಲ್ಲಿ ಎಲ್ಲಿಯೂ ‘ವಿಪತ್ತು’ ಎಂಬ ವಿಷಯವೇ ಇಲ್ಲ. ಕೊನೆಗೆ ಸಮವರ್ತಿ ಪಟ್ಟಿಯ ‘ಸಾಮಾಜಿಕ ಭದ್ರತೆ’ಯ ಅಡಿಯಲ್ಲಿ 2005ರ ವಿಪತ್ತು ನಿರ್ವಹಣಾ ಕಾಯಿದೆ ರೂಪುಗೊಂಡಿತು. ಪ್ರಧಾನಿ, ಮುಖ್ಯಮಂತ್ರಿ ಮತ್ತು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರು ಹಂತದ ಪ್ರಾಧಿಕಾರಗಳು, ಪರಿಹಾರದ ಕನಿಷ್ಠ ಮಟ್ಟಕ್ಕೆ ಮಾರ್ಗಸೂಚಿ, ತುರ್ತು ಪರಿಹಾರಕ್ಕೊಂದು ಮತ್ತು ಮುಂಜಾಗ್ರತೆಗೊಂದು ನಿಧಿ ಇದರ ಮುಖ್ಯ ಅಂಶಗಳು.

ಸೂಚನೆಗೂ ಶಾಸನಕ್ಕೂ ಇರುವ ಅಂತರ ಆಮೇಲೆ ತಿಳಿಯಿತು. ಮುಂಜಾಗ್ರತೆಯ ರಾಷ್ಟ್ರೀಯ ನಿಧಿ ಇನ್ನೂ ಹುಟ್ಟಿಲ್ಲವೆಂದು ಕಂಡ ಸುಪ್ರೀಂ ಕೋರ್ಟ್, 2016ರಲ್ಲಿ ಬರದ ಮೊಕದ್ದಮೆಯೊಂದರಲ್ಲಿ ಮೂರು ತಿಂಗಳೊಳಗೆ ಅದನ್ನು ಸ್ಥಾಪಿಸಲು ಆದೇಶಿಸಿತು. ನಿಧಿ ಬಂದದ್ದು 2021ರಲ್ಲಿ. ಅದೇ ವರ್ಷ, ಕೋವಿಡ್‌ನಿಂದ ಸತ್ತವರ ಕುಟುಂಬಗಳಿಗೆ ಪರಿಹಾರದ ಮಾರ್ಗಸೂಚಿ ರೂಪಿಸುವುದು ಕಡ್ಡಾಯ, ಅದು ಸರ್ಕಾರದ ಇಚ್ಛೆಗೆ ಬಿಟ್ಟದ್ದಲ್ಲ ಎಂದು ಕೋರ್ಟ್ ಹೇಳಿತು. ಬಳಿಕ 50 ಸಾವಿರ ರೂಪಾಯಿ ನಿಗದಿಯಾಯಿತು.

2023ರ ಬರದಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ರಾಜ್ಯ 18,171 ಕೋಟಿ ರೂಪಾಯಿ ಕೇಳಿತ್ತು. ಹಣ ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಇದೇ ಕಾಯಿದೆಯನ್ನು ಮುಂದಿಟ್ಟು ಸುಪ್ರೀಂ ಕೋರ್ಟ್‌ಗೆ ಹೋಯಿತು. ಏಪ್ರಿಲ್‌ನಲ್ಲಿ ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿತು. ಕೇಳಿದ್ದಕ್ಕೂ ಬಂದದ್ದಕ್ಕೂ ಇರುವ ಅಂತರ ಸಣ್ಣದಲ್ಲ.

ಕಾಯಿದೆ ಕೊಟ್ಟದ್ದನ್ನು ತಿದ್ದುಪಡಿ ಕಿತ್ತುಕೊಳ್ಳಬಲ್ಲದು ಎಂಬುದೂ ನಿಜ. ತೀವ್ರ ವಿಪತ್ತಿಗೆ ಸಿಕ್ಕವರ ಸಾಲ ಮರುಪಾವತಿಯಲ್ಲಿ ರಿಯಾಯಿತಿಗೆ ಶಿಫಾರಸು ಮಾಡಬಹುದಾಗಿದ್ದ 13ನೇ ಸೆಕ್ಷನ್ 2025ರ ತಿದ್ದುಪಡಿಯಲ್ಲಿ ಹೋಯಿತು. 2024ರ ಭೂಕುಸಿತದಲ್ಲಿ ಎಲ್ಲ ಕಳೆದುಕೊಂಡ ವಯನಾಡಿನವರ ಸಾಲದ ಪ್ರಶ್ನೆ ಕೇರಳ ಹೈಕೋರ್ಟ್‌ಗೆ ಬಂದಾಗ, ಕೇಂದ್ರ ಈ ಬದಲಾವಣೆಯನ್ನೇ ಎತ್ತಿ ತೋರಿತು.

ಧಾತು–ಈಶ್ವರ ಬರದಲ್ಲಿ ಗಂಜಿಗೆ ಸಾಲುಗಟ್ಟಿ ನಿಂತವರು ಅಧಿಕಾರಿ ಕೊಟ್ಟಷ್ಟನ್ನು ಕೈಯೊಡ್ಡಿ ಪಡೆಯಬೇಕಿತ್ತು. ಇಂದಿನವರು ಇನ್ನಷ್ಟು ಬರಬೇಕೆಂದು ಕೇಳಬಲ್ಲರು. ಆ ಕೇಳುವ ಹಕ್ಕು ಎಷ್ಟು ಕಾಲ, ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದು ಕಾಯಿದೆಯ ಒಂದೊಂದು ಸೆಕ್ಷನ್ನನ್ನೂ ಅವಲಂಬಿಸಿದೆ.