ಕೈಸರನ ತೆರಿಗೆಯ ಪ್ರಶ್ನೆ

ಕೈಸರನ ತೆರಿಗೆಯ ಪ್ರಶ್ನೆಯು ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಬರುವ ಒಂದು ಪ್ರಸಂಗ. ಯೆರೂಸಲೇಮಿನ ದೇವಾಲಯದಲ್ಲಿ ಬೋಧಿಸುತ್ತಿದ್ದ ಯೇಸುವನ್ನು ಮಾತಿನಲ್ಲಿ ಸಿಕ್ಕಿಸಲು ವಿರೋಧಿಗಳು ಕೇಳಿದ ಪ್ರಶ್ನೆ ಹಾಗೂ ಅದಕ್ಕೆ ಆತನು ಕೊಟ್ಟ ಉತ್ತರ ಇದರಲ್ಲಿವೆ. ಮತ್ತಾಯ (22:15–22), ಮಾರ್ಕ (12:13–17) ಮತ್ತು ಲೂಕ (20:20–26) ಸುವಾರ್ತೆಗಳು ಇದನ್ನು ದಾಖಲಿಸಿವೆ. 'ಕೈಸರ' ಎಂಬುದು ರೋಮನ್ ಚಕ್ರವರ್ತಿಯ ಬಿರುದಾದ 'ಸೀಸರ್' ಪದದ ಕನ್ನಡ ಬೈಬಲಿನ ರೂಪ.

ಹಿನ್ನೆಲೆ

ಕ್ರಿ.ಶ. 6ರಲ್ಲಿ ರೋಮನ್ನರು ಹೆರೋದನ ಮಗ ಅರ್ಖೆಲಾಯನನ್ನು ಪದಚ್ಯುತಗೊಳಿಸಿ ಯೂದಾಯವನ್ನು ತಮ್ಮ ನೇರ ಆಡಳಿತಕ್ಕೆ ತೆಗೆದುಕೊಂಡರು. ತೆರಿಗೆ ವಿಧಿಸುವ ಸಲುವಾಗಿ ಗಣತಿ ನಡೆಯಿತು. ದೇವರೊಬ್ಬನೇ ಒಡೆಯನೆಂದು ಸಾರಿದ ಗಲಿಲಾಯದ ಯೂದನು ಇದರ ವಿರುದ್ಧ ಜನರನ್ನು ಎಬ್ಬಿಸಿದನೆಂದು ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ. ಹೀಗಾಗಿ ತೆರಿಗೆಯು ಬರಿಯ ಹಣದ ಮಾತಾಗಿರಲಿಲ್ಲ. ಅದು ನಿಷ್ಠೆಯ ಪ್ರಶ್ನೆಯಾಗಿತ್ತು.

ಪ್ರಸಂಗ

ಮತ್ತಾಯ, ಮಾರ್ಕರ ಪ್ರಕಾರ ಪ್ರಶ್ನಿಸಲು ಬಂದವರು ಫರಿಸಾಯರ ಕಡೆಯವರು ಮತ್ತು ಹೆರೋದ್ಯರು. ಧರ್ಮಶಾಸ್ತ್ರನಿಷ್ಠರಾದ ಫರಿಸಾಯರೂ, ರೋಮಿನ ಕೃಪಾಶ್ರಯದಲ್ಲಿದ್ದ ಹೆರೋದನ ವಂಶದ ಬೆಂಬಲಿಗರೂ ಜೊತೆಗೂಡಿ ಬಂದದ್ದೇ ಗಮನಾರ್ಹ. ಅವರು ಮೊದಲು ಯೇಸುವನ್ನು ಹೊಗಳಿ, ಅನಂತರ ಕೈಸರನಿಗೆ ತೆರಿಗೆ ಕೊಡುವುದು ಧರ್ಮಸಮ್ಮತವೇ ಎಂದು ಕೇಳಿದರು. ಹೌದೆಂದರೆ ಜನರ ವಿಶ್ವಾಸಕ್ಕೆ ಎರವು, ಅಲ್ಲವೆಂದರೆ ರಾಜದ್ರೋಹ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಸ್ಥಿತಿಯೆಂದು ನಾವು ಹೇಳುವುದು ಇದನ್ನೇ.

ಯೇಸು ಒಂದು ನಾಣ್ಯವನ್ನು ತರಿಸಿ, ಅದರ ಮೇಲಿರುವ ಮುದ್ರೆಯೂ ಬರಹವೂ ಯಾರವೆಂದು ಕೇಳಿದನು. ಕೈಸರನವೆಂಬ ಮಾತು ವಿರೋಧಿಗಳ ಬಾಯಿಂದಲೇ ಬಂತು. ಹಾಗಾದರೆ ಕೈಸರನಿಗೆ ಸೇರಿದ್ದು ಅವನಿಗೂ, ದೇವರಿಗೆ ಸೇರಿದ್ದು ದೇವರಿಗೂ ಸಲ್ಲಬೇಕೆಂದು ಆತನು ತಿಳಿಸಿದನು.

ನಾಣ್ಯ

ಮೂಲ ಗ್ರೀಕ್ ಪಠ್ಯದಲ್ಲಿ ಈ ನಾಣ್ಯವನ್ನು ದೆನಾರಿಯಸ್ ಎಂದು ಕರೆಯಲಾಗಿದೆ. ಬೆಳ್ಳಿಯ ಈ ನಾಣ್ಯ ಅಂದಿನ ಕೂಲಿಯಾಳಿನ ಒಂದು ದಿನದ ದುಡಿಮೆಗೆ ಸಮ. ಇದು ತಿಬೇರಿಯಸ್ ಚಕ್ರವರ್ತಿಯ (ಆಳ್ವಿಕೆ ಕ್ರಿ.ಶ. 14–37) ನಾಣ್ಯವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅದರ ಮೇಲಿನ ಬರಹವು ಅವನನ್ನು ದೇವತ್ವಕ್ಕೇರಿದ ಆಗಸ್ಟಸನ ಮಗನೆಂದು ಸಾರುತ್ತಿತ್ತು. ವಿಗ್ರಹಗಳನ್ನು ನಿಷೇಧಿಸಿದ ಧರ್ಮದವರೇ ಅಂಥ ನಾಣ್ಯವನ್ನು ತಂದು ತೋರಿಸಿದರೆಂಬುದು ಈ ಪ್ರಸಂಗದ ಮೊನಚು.

ವ್ಯಾಖ್ಯಾನ

ನಾಣ್ಯದಲ್ಲಿ ಕೈಸರನ ರೂಪವಿದ್ದಂತೆ ಮನುಷ್ಯನಲ್ಲಿ ದೇವರ ರೂಪವಿದೆ, ಆದುದರಿಂದ ಹಣ ಕೈಸರನಿಗೆ, ಮನುಷ್ಯನು ದೇವರಿಗೆ ಎಂದು ಆದಿ ಕ್ರೈಸ್ತ ಲೇಖಕ ತೆರ್ತುಲಿಯನ್ ವಿವರಿಸಿದನು. ಮುಂದೆ ಧರ್ಮ ಮತ್ತು ರಾಜ್ಯಾಧಿಕಾರಗಳನ್ನು ಪ್ರತ್ಯೇಕಿಸುವ ವಾದಕ್ಕೂ, ಸರ್ಕಾರಕ್ಕೆ ವಿಧೇಯರಾಗಿರಬೇಕೆಂಬ ಉಪದೇಶಕ್ಕೂ ಈ ಉತ್ತರವೇ ಆಧಾರವಾಯಿತು. ವಿಧೇಯತೆಯನ್ನಷ್ಟೇ ಎತ್ತಿಹಿಡಿಯುವವರು ಉತ್ತರದ ದ್ವಿತೀಯಾರ್ಧವನ್ನು ಮರೆಯುವುದುಂಟು. ಕೈಸರನಿಗೆ ಸೇರಿದ್ದು ಯಾವುದು, ಎಷ್ಟು ಎಂಬುದನ್ನು ಯೇಸು ಪಟ್ಟಿಮಾಡಿ ಹೇಳಲಿಲ್ಲ.

ಉತ್ತರ ಕೇಳಿ ವಿರೋಧಿಗಳು ಬೆರಗಾದರೆಂದು ಮೂರೂ ಸುವಾರ್ತೆಗಳು ಹೇಳುತ್ತವೆ. ಆದರೂ ರೋಮನ್ ಅಧಿಪತಿ ಪಿಲಾತನ ಮುಂದೆ ಯೇಸುವಿನ ಮೇಲೆ ಹೊರಿಸಲಾದ ಆರೋಪಗಳಲ್ಲಿ, ಕೈಸರನಿಗೆ ತೆರಿಗೆ ಕೊಡದಂತೆ ಜನರನ್ನು ತಡೆದನೆಂಬುದೂ ಒಂದಾಗಿತ್ತು (ಲೂಕ 23:2).