ಶ್ವಾಸಕೋಶ ಕ್ಯಾನ್ಸರಿನ ಕೋಶತಳಿಗಳು ಮತ್ತು ಔಷಧ ಪರೀಕ್ಷೆ

ರೋಗಿಯ ಗೆಡ್ಡೆಯಿಂದ ತೆಗೆದು ದೇಹದ ಹೊರಗೆ ತಲೆಮಾರುಗಟ್ಟಲೆ ಬೆಳೆಸಿಕೊಂಡು ಬಂದ ಶ್ವಾಸಕೋಶ ಕ್ಯಾನ್ಸರ್ ಕೋಶಗಳ ಮೇಲೆ ಹೊಸ ರಾಸಾಯನಿಕಗಳನ್ನು ಪ್ರಯೋಗಿಸಿ ನೋಡುವ ವಿಧಾನ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ಮೊದಲಿನ ಹಂತವಿದು. ಬೆಂಗಳೂರಿನ ಮಲ್ಲೇಶ್ವರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಊರವರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್) ಪರೀಕ್ಷೆಗೊಳಗಾದ ಎಸ್‌ಸಿಆರ್7 ಎಂಬ ಅಣು ಇದಕ್ಕೆ ಕರ್ನಾಟಕದ ಒಳ್ಳೆಯ ಉದಾಹರಣೆ.

ಹೆಚ್ಚು ಬಳಕೆಯಲ್ಲಿರುವ ತಳಿ ಎ549. 1972ರಲ್ಲಿ ಅಮೆರಿಕದಲ್ಲಿ ಡಿ.ಜೆ. ಜಿಯಾರ್ಡ್ ಮತ್ತು ಸಂಗಡಿಗರು 58 ವರ್ಷದ ರೋಗಿಯೊಬ್ಬರ ಗೆಡ್ಡೆಯಿಂದ ಇದನ್ನು ಬೆಳೆಸಿದರು. ಸುಮಾರು ಒಂದು ದಿನದಲ್ಲಿ ಇಮ್ಮಡಿಯಾಗುತ್ತದೆ, ಹೆಚ್ಚಿನ ಆರೈಕೆ ಬೇಡುವುದಿಲ್ಲ. ಇದರ ಜನಪ್ರಿಯತೆಗೆ ಮುಖ್ಯ ಕಾರಣ ಈ ಸುಲಭ ಸ್ವಭಾವವೇ ಹೊರತು ಎಲ್ಲ ಶ್ವಾಸಕೋಶ ಕ್ಯಾನ್ಸರನ್ನೂ ಅದು ಪ್ರತಿನಿಧಿಸುತ್ತದೆ ಎಂದಲ್ಲ.

ದ್ರವ ಸಾರಜನಕದಲ್ಲಿಟ್ಟಿದ್ದ ಕೋಶಗಳನ್ನು ಕರಗಿಸಿ, ಸೀರಮ್ ಬೆರೆಸಿದ ಮೀಡಿಯಂನಲ್ಲಿ, 37 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಬೆಳೆಸುತ್ತಾರೆ. ಫ್ಲಾಸ್ಕಿನ ತಳಕ್ಕೆ ಅಂಟಿ ಹರಡಿಕೊಂಡ ಕೋಶಗಳನ್ನು ಟ್ರಿಪ್ಸಿನ್ ಹಾಕಿ ಬಿಡಿಸಿ, 96 ಗುಳಿಗಳ ಪ್ಲೇಟಿಗೆ ಹಂಚಿ, ಔಷಧವನ್ನು ಏರುಪ್ರಮಾಣದಲ್ಲಿ ಸೇರಿಸಿ 48 ಅಥವಾ 72 ಗಂಟೆ ಬಿಡುತ್ತಾರೆ. ಆಮೇಲೆ ಎಂಟಿಟಿ ಎಂಬ ಹಳದಿ ರಾಸಾಯನಿಕ ಸೇರಿಸಿದರೆ, ಬದುಕಿರುವ ಕೋಶಗಳು ಅದನ್ನು ನೇರಳೆ ಹರಳಾಗಿ ಮಾರ್ಪಡಿಸುತ್ತವೆ. ಹರಳನ್ನು ಕರಗಿಸಿ ಬಣ್ಣದ ಗಾಢತೆಯನ್ನು ಅಳೆದರಾಯಿತು. ಬಣ್ಣವನ್ನು ಅರ್ಧಕ್ಕಿಳಿಸುವ ಔಷಧ ಪ್ರಮಾಣವೇ ಐಸಿ50. 1983ರಲ್ಲಿ ಟಿಮ್ ಮಾಸ್‌ಮನ್ ಪ್ರಕಟಿಸಿದ ಈ ವಿಧಾನ ಅಗ್ಗ, ಸಲೀಸು. ಎಡವಟ್ಟಿಗೂ ಅಷ್ಟೇ ಸಲೀಸು. ಕೆಲವು ಗಿಡಮೂಲಿಕೆ ಸಾರಗಳು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಯಾಗಿಸುತ್ತವೆ. ಆಗ ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ. ಇನ್ನೊಂದು ಕಡೆ, ಪ್ರಮಾಣ ಏರಿಸುತ್ತ ಹೋದರೆ ಅಡುಗೆ ಉಪ್ಪೂ ಎ549 ಅನ್ನು ಕೊಲ್ಲುತ್ತದೆ. ‘ಕ್ಯಾನ್ಸರ್ ಕೋಶ ಕೊಂದ ಬೇರು’ ಎಂಬ ಸುದ್ದಿ ಓದುವಾಗ ಎಷ್ಟು ಪ್ರಮಾಣದಲ್ಲಿ ಎಂದು ಕೇಳಬೇಕಾದ್ದು ಇದಕ್ಕೇ.

ಎಸ್‌ಸಿಆರ್7 ಕಥೆ 2012ರದು. ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಸತೀಶ್ ಸಿ. ರಾಘವನ್ ಅವರ ತಂಡ ಇದನ್ನು ‘ಸೆಲ್’ ಪತ್ರಿಕೆಯಲ್ಲಿ ವರದಿ ಮಾಡಿತು. ಕೆಎಲ್‌ಇ ಔಷಧವಿಜ್ಞಾನ ಕಾಲೇಜಿನ ಸುಭಾಸ್ ಕರ್ಕಿ ಸಹಲೇಖಕರಲ್ಲೊಬ್ಬರು. ತುಂಡಾದ ಡಿಎನ್‌ಎಯನ್ನು ಬೆಸೆಯುವ ಲೈಗೇಸ್-4 ಎಂಬ ಕಿಣ್ವವನ್ನು ಈ ಅಣು ತಡೆಯುತ್ತದೆ, ರಿಪೇರಿಯಾಗದ ಕೋಶ ಸಾಯುತ್ತದೆ ಎಂಬುದು ಅವರ ವಾದ. ಐಸಿ50 ಎ549ರಲ್ಲಿ 34 ಮೈಕ್ರೊಮೋಲಾರ್, ಸ್ತನ ಕ್ಯಾನ್ಸರಿನ ಟಿ47ಡಿಯಲ್ಲಿ 8.5, ಅಂಡಾಶಯ ಕ್ಯಾನ್ಸರಿನ ಎ2780ಯಲ್ಲಿ 120. ಒಂದೇ ಅಣುವಿಗೆ ಹತ್ತು ಪಟ್ಟಿಗೂ ಮೀರಿದ ಅಂತರ! ಒಂದೇ ತಳಿಯನ್ನು ನೆಚ್ಚಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಲಿಗಳಲ್ಲೂ ಗೆಡ್ಡೆಯ ಬೆಳವಣಿಗೆ ಕುಗ್ಗಿತು. 2016ರಲ್ಲಿ ಅಮೆರಿಕದ ಸಂಶೋಧಕರು ಅಣುವಿನ ರಚನೆಯನ್ನೂ ಅದು ಲೈಗೇಸ್-4 ಅನ್ನೇ ಗುರಿಯಾಗಿಸುತ್ತದೆ ಎಂಬುದನ್ನೂ ಪ್ರಶ್ನಿಸಿದರು. 2018ರಲ್ಲಿ ಬೆಂಗಳೂರಿನ ತಂಡ, ಅಣುವಿನ ಬೇರೆ ಬೇರೆ ರೂಪಗಳೂ ಲೈಗೇಸ್-4ರ ಮೂಲಕವೇ ಕೆಲಸ ಮಾಡುತ್ತವೆ ಎಂದು ಉತ್ತರಿಸಿತು. ಔಷಧವಾಗಿ ಅದು ಮಾರುಕಟ್ಟೆಗೆ ಬಂದಿಲ್ಲ. ಕ್ರಿಸ್ಪರ್ ಜೀನ್ ತಿದ್ದುವ ಪ್ರಯೋಗಾಲಯಗಳಲ್ಲಿ ಮಾತ್ರ 2015ರಿಂದ ಹೆಸರು ಮಾಡಿದೆ.

ಈಗ ತಳಿಯ ಆಯ್ಕೆ ಜೀನ್ ನೋಡಿ ನಡೆಯುತ್ತದೆ. ಎ549ರಲ್ಲಿರುವುದು ಕೆಆರ್‌ಎಎಸ್ ಜೀನಿನ ದೋಷ. ಏಷ್ಯಾದ ರೋಗಿಗಳಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದದವರಲ್ಲಿ, ಹೆಚ್ಚಾಗಿ ಕಾಣುವ ಇಜಿಎಫ್‌ಆರ್ ದೋಷ ಅದರಲ್ಲಿಲ್ಲ. ಆದ್ದರಿಂದ ಇಜಿಎಫ್‌ಆರ್ ಅನ್ನು ತಡೆಯುವ ಜೆಫಿಟಿನಿಬ್‌ನಂಥ ಔಷಧದ ಪರೀಕ್ಷೆಗೆ ಆ ದೋಷವಿರುವ ಜಪಾನಿನ ಪಿಸಿ-9 ತಳಿ ಬೇಕು. ಆ ಔಷಧಕ್ಕೆ ಬಗ್ಗದ ಗೆಡ್ಡೆಯ ಅಧ್ಯಯನಕ್ಕೆ ಎಚ್1975 ಬೇಕು.

ಭಾರತದ ಪ್ರಯೋಗಾಲಯಗಳಿಗೆ ತಳಿಗಳು ಬಹಳಮಟ್ಟಿಗೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ಬರುತ್ತವೆ. ಎಲ್ಲಿಂದ ಬಂದರೂ ಬೆರಕೆಯ ಭಯ ತಪ್ಪಿದ್ದಲ್ಲ. ಹೀಲಾ ಎಂಬ ಕ್ಯಾನ್ಸರ್ ತಳಿಯಂಥ ವೇಗವಾಗಿ ಬೆಳೆಯುವ ತಳಿ ಒಂದು ಹನಿ ಬೆರೆತರೂ ಕೆಲವೇ ವಾರಗಳಲ್ಲಿ ಫ್ಲಾಸ್ಕನ್ನು ಆಕ್ರಮಿಸಬಲ್ಲದು. ಅದಕ್ಕೇ ಎಸ್‌ಟಿಆರ್ ಎಂಬ ಡಿಎನ್‌ಎ ಗುರುತು ಪರೀಕ್ಷೆಯ ಫಲಿತಾಂಶವನ್ನು ಹಲವು ಪತ್ರಿಕೆಗಳು ಪ್ರಬಂಧದ ಜೊತೆಗೇ ಕೇಳುತ್ತವೆ.