ಗುಮಾಸ್ತನ ಬಾಯಿಗೆ ಬೀಗ, ಕಂಪ್ಯೂಟರಿಗೆ?

1872ರ ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ನಮ್ಮಂಥ ಗುಮಾಸ್ತರನ್ನು ಮರೆತಿರಲಿಲ್ಲ. ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲರು ಹೊರಗೆ ಹಾಕಕೂಡದು ಎಂದು 126ನೇ ಕಲಮು ಹೇಳಿದರೆ, ಅವರ ಗುಮಾಸ್ತರಿಗೂ ದುಭಾಷಿಗಳಿಗೂ ಅದೇ ಕಟ್ಟು ಎಂದು 127ನೆಯದು ಹೇಳಿತು. ಗಾಂಧಿನಗರದ ವಕೀಲರೊಬ್ಬರ ಕಚೇರಿಯಲ್ಲಿ ಫೈಲು ಹೊತ್ತೇ ತಲೆ ನರೆತ ನನಗೆ ಆ ಕಲಮುಗಳ ಸಂಖ್ಯೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಬಾಯಿ ಕಟ್ಟಿಕೊಂಡಿರುವುದನ್ನು ಮಾತ್ರ ಕೆಲಸಕ್ಕೆ ಸೇರಿದಾಗಲೇ ಕಲಿತಿದ್ದೆ.

ವಿಚ್ಛೇದನದ ಕೇಸೆಂದರೆ ಗಂಡಹೆಂಡಿರ ಖಾಸಗಿ ರಂಪ ಎಂದು ಜನ ತಿಳಿಯುತ್ತಾರೆ. ಕಾನೂನೂ ಹಾಗೇ ತಿಳಿದಿತ್ತು. 1955ರ ಹಿಂದೂ ವಿವಾಹ ಅಧಿನಿಯಮದ 22ನೇ ಕಲಮಿನಂತೆ, ಇಬ್ಬರಲ್ಲಿ ಒಬ್ಬರು ಬಯಸಿದರೆ ಅಥವಾ ಕೋರ್ಟಿಗೆ ಸರಿಕಂಡರೆ ಬಾಗಿಲು ಮುಚ್ಚಿ ವಿಚಾರಣೆ. 1976ರ ತಿದ್ದುಪಡಿಯ ಮೇಲೆ ಎಲ್ಲ ಪ್ರಕರಣಕ್ಕೂ ಅದೇ ನಿಯಮವಾಯಿತು. ಒಳಗೆ ನಡೆದದ್ದನ್ನು ಅಚ್ಚು ಹಾಕಿದವರಿಗೆ ಸಾವಿರ ರೂಪಾಯಿವರೆಗೆ ದಂಡ. ಕೋರ್ಟಿನ ಬಾಗಿಲೇನೋ ಮುಚ್ಚಿತು. ಫೈಲು ಮಾತ್ರ ಶಿರಸ್ತೇದಾರರ ಮೇಜಿನಿಂದ ನಕಲು ವಿಭಾಗಕ್ಕೆ, ನಮ್ಮ ಕೈಲಿದ್ದ ಪ್ರತಿ ಬೀದಿಬದಿಯ ಜೆರಾಕ್ಸ್ ಅಂಗಡಿಗೆ ಓಡಾಡುತ್ತಲೇ ಇತ್ತು.

ಆ ಫೈಲಿಗೆ ದುಡ್ಡಿನ ಕಾಗದ ಬಂದು ಸೇರಿದ್ದು ನಿಧಾನವಾಗಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. ಗಂಡನ ಸಂಬಳ ಐದು ಸಾವಿರವಿರಲಿ, ಐವತ್ತು ಸಾವಿರವಿರಲಿ, ಕೈಗೆ ಬರುವುದು ಅಷ್ಟೇ ಎಂದಾದರೆ ಬ್ಯಾಂಕ್ ಪಾಸ್‌ಬುಕ್ ಕೆದಕುವ ಗೋಜು ಯಾರಿಗೆ ಬೇಕು? ವಿವಾಹ ಅಧಿನಿಯಮದ 24ನೇ ಕಲಮಿಗೆ ಆ ಮಿತಿ ಇರಲಿಲ್ಲ, ಆದಾಯದ ಜಗ್ಗಾಟವೆಲ್ಲ ಅಲ್ಲಿ. 2001ರಲ್ಲಿ 500ರ ಮಿತಿಯನ್ನು ಕಿತ್ತುಹಾಕಿದರು. ಹೆಂಗಸರಿಗೆ ಆಗಲೇಬೇಕಿದ್ದ ನ್ಯಾಯ ಅದು. ಆದರೆ ಅಂದಿನಿಂದ ಒಂದೊಂದು ರೂಪಾಯಿಗೂ ಪುರಾವೆ ಬೇಕಾಯಿತು, ಫೈಲಿನ ದಾರ ಸಾಲದಾಯಿತು.

2020ರ ನವೆಂಬರ್ 4ರಂದು ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ ಇದಕ್ಕೊಂದು ಅಚ್ಚುಕಟ್ಟು ತಂದಿತು. ಜೀವನಾಂಶದ ಕೇಸಿನಲ್ಲಿ ಎರಡೂ ಕಡೆಯವರು ಆಸ್ತಿ ಮತ್ತು ಸಾಲದ ಅಫಿಡವಿಟ್ ಹಾಕಲೇಬೇಕು. ನಮೂನೆಯನ್ನೂ ಸುಪ್ರೀಂ ಕೋರ್ಟೇ ಕೊಟ್ಟಿತು, ಬೇಸಾಯದವರಿಗೆ ಬೇರೆಯದು. ಸಂಬಳ, ಬ್ಯಾಂಕ್ ಖಾತೆ, ವಿಮೆ, ಒಡವೆ, ಸಾಲ, ತೆರಿಗೆಯ ರಿಟರ್ನ್ಸ್ ಎಲ್ಲವೂ ಬರಬೇಕು. ಆದಾಯ ಬಚ್ಚಿಡುತ್ತಿದ್ದವರಿಗೆ ಮೂಗುದಾರ ಬಿತ್ತು. ಜೊತೆಗೆ, ಒಂದು ಮನೆಯ ಇಡೀ ಲೆಕ್ಕ ಒಂದೇ ಕಟ್ಟಿನಲ್ಲಿ ಸೇರಿ, ಆ ಮನೆಯ ಮೇಲೆ ಮುನಿಸಿಕೊಂಡವರ ಕೈಗೇ ಹೋಗತೊಡಗಿತು.

ಟೈಪ್‌ರೈಟರ್ ಕಾಲದಲ್ಲಿ ಗುಟ್ಟು ಸೋರುತ್ತಿದ್ದ ಜಾಗ ಕಾರ್ಬನ್ ಹಾಳೆ. ಹೊಸ ಹಾಳೆಯನ್ನು ಒಮ್ಮೆ ಬಳಸಿ ಬೆಳಕಿಗೆ ಹಿಡಿದರೆ ಹೆಸರು, ಸಂಬಳ, ಚಿನ್ನದ ತೂಕ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. “ಇದರ ಮೇಲೆ ಇನ್ನೆರಡು ಅರ್ಜಿ ಹೊಡಿಯಪ್ಪಾ, ಗೋಜಲಾಗಲಿ. ಆಮೇಲೆ ಹರಿದು ಬುಟ್ಟಿಗೆ ಹಾಕು” ಎನ್ನುತ್ತಿದ್ದರು ನಮ್ಮ ಸಾಹೇಬರು. ಈಗಿನ ಕಿರಿಯ ವಕೀಲರು ಖಾತೆ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದು ಪಿಡಿಎಫ್ ಕಳಿಸುತ್ತಾರೆ. ಎಷ್ಟೋ ಸಲ ಆ ಪಟ್ಟಿಯ ಮೇಲೆ ಮೌಸ್ ಎಳೆದು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಅಡಿಯ ಅಂಕಿಗಳೆಲ್ಲ ಎದ್ದು ಬರುತ್ತವೆ. ಮುಚ್ಚಿದ್ದನ್ನೇ ಅಳಿಸಿದ್ದೆಂದು ನಂಬಿದರೆ ಆಗುವುದು ಹೀಗೆ.

ಇ-ಕೋರ್ಟ್ಸ್ ಯೋಜನೆ ಶುರುವಾದದ್ದು 2007ರಲ್ಲಿ. ವಕೀಲರ ಕಚೇರಿಗಳಿಗೂ ಕೇಸು ನಿರ್ವಹಿಸುವ ಸಾಫ್ಟ್‌ವೇರ್ ಬಂತು, ಬೀರುವಿನ ಕಾಗದ ಯಾವುದೋ ಕಂಪನಿಯ ಸರ್ವರ್ ಸೇರಿತು. ಸ್ಟೀಫನ್ನರ ಕಾಯಿದೆಯ ಜಾಗಕ್ಕೆ 2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದೂ ದುಭಾಷಿ, ಗುಮಾಸ್ತ, ವಕೀಲರ ನೌಕರ ಎಂದೇ ಹೆಸರಿಸುತ್ತದೆ. ಸರ್ವರ್ ನೋಡಿಕೊಳ್ಳುವವನು ವಕೀಲರ ನೌಕರನಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನವಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಕಾನೂನಿನ ಹಕ್ಕು ಸಾಧಿಸಲು ಬಳಸುವ ಮಾಹಿತಿಗೆ ಬಹಳಷ್ಟು ವಿನಾಯಿತಿ ಕೊಟ್ಟರೂ, ಅದನ್ನು ಸೋರದಂತೆ ಕಾಯುವ ಹೊಣೆಯನ್ನು ಸಡಿಲಿಸಿಲ್ಲ.

ಕಾಯುವ ರೀತಿ ನಮಗೆ ಹೊಸದೇನಲ್ಲ. ಫೈಲು ಒಯ್ದವರು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದರು. ಸಾಫ್ಟ್‌ವೇರಿನಲ್ಲೂ ಯಾರು, ಯಾವಾಗ, ಏನು ತೆರೆದರೆಂಬ ದಾಖಲೆ ಉಳಿಯಬೇಕು. ಆಸ್ತಿ ಕೇಸಿನ ಹುಡುಗನ ಕೈಗೆ ನಾವು ವಿಚ್ಛೇದನದ ಕಟ್ಟು ಕೊಡುತ್ತಿರಲಿಲ್ಲ. ಒಂದೇ ಪಾಸ್‌ವರ್ಡನ್ನು ಇಡೀ ಕಚೇರಿ ಬಳಸಿದರೆ ಆ ಬೇಲಿ ಕಿತ್ತಂತೆ. ಕೇಸು ತೀರ್ಮಾನವಾಗಿ ಅಪೀಲಿನ ಅವಧಿ ಕಳೆದರೆ ಅರ್ಜಿ ಹಾಕಿ ಮೂಲ ದಾಖಲೆ ವಾಪಸ್ ಪಡೆದು ಕಕ್ಷಿದಾರರ ಕೈಗಿಡುತ್ತಿದ್ದೆವು. ಸರ್ವರಿನಲ್ಲಿರುವ ಪ್ರತಿಗೆ ಅಂಥ ಅರ್ಜಿಯಿಲ್ಲ, ಹೇಳಿ ಅಳಿಸಿಸಬೇಕು. ಹಾಗಾಗಿ ವಕಾಲತ್ತಿಗೆ ಸಹಿ ಹಾಕುವ ಮುನ್ನ ಫೀಸಿನ ಜೊತೆಗೆ ಇದನ್ನೂ ಕೇಳಿಕೊಳ್ಳಿ: “ಕೇಸು ಮುಗಿದ ಮೇಲೆ ನನ್ನ ಬ್ಯಾಂಕಿನ ಕಾಗದ ಎಲ್ಲೆಲ್ಲಿ ಉಳಿದಿರುತ್ತೆ ಸಾರ್, ಅಳಿಸುವವರು ಯಾರು?”